ಹದಿಮೂರು ಕಿಲೋ ನಾನೂರು ಗ್ರಾಂ

ತೂಕದ ಯಂತ್ರವನ್ನು ಎದೆಗವಚಿಕೊಂಡು ಬಸ್ಸು ಹತ್ತುವಾಗಲೇ ಗುಮಾಸ್ತನಿಗೆ ಇಡೀ ಬಸ್ಸು ತನ್ನ ತಪ್ಪನ್ನು ಓದಿಕೊಂಡು ಕೂತಿದೆ ಅನ್ನಿಸಿತು. ಹಾಗೇನೂ ಇರಲಿಲ್ಲ. ಮಧ್ಯಾಹ್ನದ ಬಸ್ಸು, ಅರ್ಧ ಜನ ನಿದ್ದೆಯಲ್ಲಿದ್ದರು, ಉಳಿದರ್ಧ ಫೋನಿನಲ್ಲಿದ್ದರು. ಆದರೂ ಅವನು ಯಂತ್ರದ ಮುಳ್ಳಿರುವ ಕಡೆಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು, ಸೀಟು ಖಾಲಿಯಿದ್ದರೂ ಕೂರದೆ, ಕಂಬಿ ಹಿಡಿಯಲು ಮೂರನೆಯ ಕೈ ಇಲ್ಲದೆ, ಬಸ್ಸು ತಿರುಗಿದ ಕಡೆಗೆಲ್ಲ ತಾನೂ ತಿರುಗುತ್ತ ನಿಂತ. ಒಬ್ಬ ಮುದುಕಿಯ ಕಾಲ ಮೇಲೆ ಅದು ಬೀಳುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ನಡುದಾರಿಯಲ್ಲಿ ಕೆಳಗಿಟ್ಟ. ಇಟ್ಟದ್ದೇ ತಡ, ತರಕಾರಿ ಚೀಲ ಹಿಡಿದಿದ್ದ ದಪ್ಪನೆಯ ಮನುಷ್ಯನೊಬ್ಬ, ಒಂದು ಮಾತೂ ಕೇಳದೆ, ಚೀಲದ ಸಮೇತ ಹತ್ತಿ ನಿಂತು ಮುಳ್ಳು ನೋಡಿದ. "ನಿಮ್ಮ ಮೆಷಿನ್ ಸರಿ ಇಲ್ಲ ಸಾರ್," ಎಂದ. "ಚೀಲ ಕೆಳಗಿಟ್ಟು ನೋಡಿ," ಎಂದ ಗುಮಾಸ್ತ. ಆತ ಚೀಲ ಕೆಳಗಿಟ್ಟು ನೋಡಿ, "ಆದ್ರೂ ಸರಿ ಇಲ್ಲ," ಎಂದು ಇಳಿದ. ಮೆಷಿನ್ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಯಾರು ಎಂಬುದು ಆ ಬಸ್ಸಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನಿಗೆ ಅದು ಗೊತ್ತಾಗಿ ಇವತ್ತಿಗೆ ಏಳು ದಿನವಾಗಿತ್ತು.

ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಮನೆಗಳಿಗೆ ಒಪ್ಪಿಸಿ, ಎಲ್ಲ ಸರಿಹೋದರೆ ಅದೇ ಮನೆಗೆ ದತ್ತು ಕೊಡಿಸುವ ಸಂಸ್ಥೆ ಅವನದು. ಅಲ್ಲಿ ಅವನ ಕೆಲಸ ಮಕ್ಕಳದ್ದಲ್ಲ, ಮಕ್ಕಳ ಅಂಕಿಗಳದ್ದು. ಆರು ತಿಂಗಳಿಗೊಮ್ಮೆ ಸರ್ಕಾರಕ್ಕೆ ವರದಿ ಹೋಗಬೇಕು: ಮಗುವಿಗೊಂದು ಸಾಲು, ಸಾಲಿಗೆ ಅರವತ್ತಾರು ಚೌಕದ ಮನೆ. ಯಾಕೆ ಬಂತು, ಯಾರ ಹತ್ತಿರ ಇದೆ, ಹಲ್ಲೆಷ್ಟು, ಎತ್ತರವೆಷ್ಟು, ತೂಕವೆಷ್ಟು. ಒಂದು ಮನೆ ಖಾಲಿ ಬಿಟ್ಟರೂ ಕಂಪ್ಯೂಟರು ಇಡೀ ಸಾಲನ್ನು ಕೆಂಪು ಮಾಡಿ ವಾಪಸು ಉಗುಳುತ್ತದೆ. ಮನೆಮನೆಗೆ ಹೋಗಿ ಮಕ್ಕಳನ್ನು ನೋಡಿ ಬರುವ ಭೇಟಿ ಮೇಡಂ ಎಲ್ಲವನ್ನೂ ಬರೆದು ತರುತ್ತಿದ್ದರು, ತೂಕವೊಂದನ್ನು ಬಿಟ್ಟು. ಸೊಂಟ ನೋವಿನವರು ಇಷ್ಟು ಭಾರದ ಯಂತ್ರ ಹೊತ್ತು ಮಹಡಿ ಹತ್ತುವುದೆಂದರೆ ಹುಡುಗಾಟವಲ್ಲ. ಆ ಖಾಲಿ ಮನೆಯ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದ ಗುಮಾಸ್ತನ ಕಣ್ಣಿಗೆ ಒಂದು ದಿನ ತೆರೆಯ ಮೂಲೆಯಲ್ಲಿದ್ದ ಒಂದು ಪುಟ್ಟ ಗುಂಡಿ ಬಿತ್ತು. 'ಹಿಂದಿನಂತೆ.' ಒತ್ತಿದರೆ ಕಳೆದ ವರದಿಯ ಅಂಕಿಯೇ ಬಂದು ಕೂರುತ್ತದೆ. ಒತ್ತಿದ. ಸಾಲು ಹಸಿರಾಯಿತು. ಅಂದಿನಿಂದ ಅವನ ಬದುಕು ಸುಗಮವಾಯಿತು. ವರದಿ ಹೋದಾಗಲೆಲ್ಲ ಸರ್ಕಾರದಿಂದ 'ತಪ್ಪುಗಳು: ಸೊನ್ನೆ' ಎಂಬ ಪತ್ರ ಬರತೊಡಗಿತು. ಕಚೇರಿಯಲ್ಲಿ ಅವನಿಗೆ ಸೊನ್ನೆತಪ್ಪು ಎಂಬ ಅಡ್ಡಹೆಸರು ಬಿತ್ತು. ಅದನ್ನು ಅವರು ಗೇಲಿಗೆ ಇಟ್ಟರೋ ಗೌರವಕ್ಕೆ ಇಟ್ಟರೋ ಎಂದು ಅವನು ವಿಚಾರಿಸಲಿಲ್ಲ, ವಿಚಾರಿಸಿದರೆ ಉತ್ತರ ಸಿಕ್ಕಿಬಿಡುವ ಅಪಾಯವಿತ್ತು. ಆ ಪತ್ರಗಳಲ್ಲಿ ಒಂದಕ್ಕೆ ಕಟ್ಟು ಹಾಕಿಸಿ ಮನೆಯ ಗಾಜಿನ ಕಪಾಟಿನಲ್ಲಿಟ್ಟಿದ್ದ. ಹೆಂಡತಿ ಅದರ ಮುಂದೆ ಚಮಚಗಳನ್ನು ನಿಲ್ಲಿಸಿದ್ದಳು.

ಸಾರು ಹೇಗಿದೆ ಅಂತ ಕೇಳಿದರೆ ಯಾವಾಗಿನ ಹಾಗೇ ಇದೆ ಅನ್ನುತ್ತೀರಿ, ನಾನು ಹೇಗೆ ಕಾಣ್ತಿದೀನಿ ಅಂದರೂ ಯಾವಾಗಿನ ಹಾಗೇ ಅನ್ನುತ್ತೀರಿ, ಒಂದು ಸಲ ತಲೆಯೆತ್ತಿ ನೋಡಿ ಹೇಳಿದರೆ ಗಂಟೇನು ಹೋಗುತ್ತೆ ಎಂದು ಅವಳು ಕೇಳಿದ್ದು ಯಾವಾಗ? ಹೋದ ತಿಂಗಳೋ, ಹೋದ ವರ್ಷವೋ. ನೆಂಟರ ಮುಂದೆ ಮಗಳನ್ನು ಪರಿಚಯಿಸುತ್ತ "ಮೂರನೇ ಕ್ಲಾಸು" ಎಂದಿದ್ದ. ಮಗಳು ಐದರಲ್ಲಿದ್ದಳು. ಅವಳು ತಿದ್ದಲಿಲ್ಲ, ಸುಮ್ಮನೆ ಒಳಗೆ ಹೋದಳು. ನೆಂಟರು ನಕ್ಕರು, ಅವನೂ ನಕ್ಕ, ಆ ನಗು ಬಾಯಲ್ಲಿ ಹಳಸಿದಂತಾಗಿ ನುಂಗಲಾರದೆ ಕೂತ. ಬಸ್ಸು ಗಕ್ಕನೆ ನಿಂತಿತು. ಯಂತ್ರ ಮುಂದಕ್ಕೆ ಜಾರಿ ಡ್ರೈವರನ ಹತ್ತಿರ ಹೋಗಿಬಿಟ್ಟಿತು. "ಯಾರದ್ರೀ ಇದು?" ಎಂದು ಡ್ರೈವರ್ ಕೂಗಿದ. ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ಗುಮಾಸ್ತ ಕಿಟಕಿಯ ಹೊರಗೆ ನೋಡಿದ.

ಎಲ್ಲ ಕೆಟ್ಟದ್ದು ಈ ವರ್ಷ. ಸರ್ಕಾರ ಹೊಸ ತಂತ್ರಾಂಶ ತಂದಿತು. ಅದು ಅಂಕಿಗಳನ್ನು ಬರೀ ನುಂಗುವುದಿಲ್ಲ, ಹಿಂದಿನದರ ಜೊತೆ ಹೋಲಿಸಿ ನೋಡುತ್ತದೆ. ನೂರಾರು ಮಕ್ಕಳ ನಡುವೆ ನಾನೂರ ಹದಿನೇಳನೆಯ ಮಗುವೊಂದು ಅದರ ಬಾಯಿಗೆ ಮೊದಲು ಸಿಕ್ಕಿತು: ನಾಲ್ಕನೆಯ ವಯಸ್ಸಿನಿಂದ ಆರು ತುಂಬುವವರೆಗೆ, ಸತತ ನಾಲ್ಕು ವರದಿಗಳಲ್ಲಿ, ಹದಿಮೂರು ಕಿಲೋ ನಾನೂರು ಗ್ರಾಂ. ಒಂದು ಗ್ರಾಮೂ ಆಚೀಚೆಯಿಲ್ಲ. ತಂತ್ರಾಂಶ ಯಾರನ್ನೂ ಕೇಳಲಿಲ್ಲ, ನೇರವಾಗಿ ಸಾಕುತಾಯಿಗೆ ಪತ್ರ ಕಳಿಸಿತು. ಮಗುವಿನ ಬೆಳವಣಿಗೆ ನಿಂತುಹೋಗಿದೆ; ದತ್ತು ಅರ್ಜಿಯನ್ನು ತಡೆಹಿಡಿಯಲಾಗಿದೆ; ಏಳು ದಿನದೊಳಗೆ, ಸಂಜೆ ಐದರ ಒಳಗೆ, ಸಮರ್ಪಕ ವಿವರಣೆ ಬಾರದಿದ್ದಲ್ಲಿ ಮಗುವನ್ನು ಬೇರೆ ಮನೆಗೆ ವರ್ಗಾಯಿಸಲಾಗುವುದು. ಅದರ ಒಂದು ಪ್ರತಿ ಗುಮಾಸ್ತನ ಮೇಜಿಗೂ ಬಂತು. ಭೇಟಿ ಮೇಡಂ ಸೊಂಟ ಹಿಡಿದು ರಜೆಯಲ್ಲಿದ್ದರು. ಅವರು ಬರಲಿ ಅಂದುಕೊಂಡು ಪತ್ರವನ್ನು ಒಂದು ಫೈಲಿನಡಿ ಇಟ್ಟ. ಮರುದಿನ ಆ ಫೈಲಿನ ಮೇಲೆ ಇನ್ನೊಂದು ಫೈಲು ಇಟ್ಟ. ಆರನೆಯ ದಿನದ ಹೊತ್ತಿಗೆ ಅದೊಂದು ಗೋಪುರವಾಗಿತ್ತು. ಇವತ್ತು ಬೆಳಿಗ್ಗೆ ಬೇರೇನನ್ನೋ ಹುಡುಕಲು ಬಂದ ನಿರ್ದೇಶಕಿ ಆ ಗೋಪುರವನ್ನೇ ಎಳೆದರು. "ಇದೇನ್ರೀ ಇದು?" ಎಂದರು. "ಪರಿಶೀಲನೆಯಲ್ಲಿದೆ ಮೇಡಂ," ಎಂದ. "ಮೆಷಿನ್ ತಗೊಂಡು ಹೋಗಿ ತೂಗಿ ಬನ್ನಿ, ಈಗ್ಲೇ," ಎಂದರು. ಒಂಬತ್ತು ವರ್ಷದಲ್ಲಿ ಅವನು ತನ್ನ ಪಟ್ಟಿಯ ಒಂದು ಮಗುವನ್ನೂ ನೋಡಿರಲಿಲ್ಲ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಅವನಿಗೂ ಹೊಳೆದದ್ದು ಬಸ್ಸಿಳಿದ ಮೇಲೆಯೇ.

ಮೂರನೆಯ ಮಹಡಿ. ಬಾಗಿಲು ತೆರೆದವಳು ಸುಮಾರು ನಲವತ್ತರ ಹೆಂಗಸು, ಬಸ್ ಕಂಡಕ್ಟರ್. ಗೂಟದಲ್ಲಿ ಖಾಕಿ ಅಂಗಿ ನೇತಾಡುತ್ತಿತ್ತು. ಒಂದು ವಾರದಿಂದ ರಜೆ ಹಾಕಿ ಮನೆಯಲ್ಲೇ ಇದ್ದಳಂತೆ. ಯಂತ್ರ ನೋಡಿದ್ದೇ ಅವಳ ಮುಖ ಬಿಳುಚಿತು. "ಒಳಗೆ ಬನ್ನಿ, ಒಳಗೆ ಬನ್ನಿ, ಮುಂದೆ ಜಾಗ ಇದೆ," ಎಂದಳು ಅಭ್ಯಾಸಬಲದಿಂದ. ಮನೆ ಒಂದೇ ಕೋಣೆ, ಜೊತೆಗೆ ಅಡಿಗೆಯ ಮೂಲೆ. ಮೇಜಿನ ಮೇಲೆ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಎರಡು ಲೋಟ ಹಾಲು. ಅವುಗಳ ಹಿಂದೆ, ಶತ್ರುಸೈನ್ಯದ ಎದುರು ಒಂಟಿಯಾಗಿ ಸಿಕ್ಕಿಬಿದ್ದವಳಂತೆ, ಆರು ವರ್ಷದ ಹುಡುಗಿ ಕೂತಿದ್ದಳು. "ಇವಳೇ ಅಳಿಲು," ಎಂದಳು ಹೆಂಗಸು. ಅವನ ಪಟ್ಟಿಯಲ್ಲಿ ಅಂಥ ಹೆಸರಿಗೆ ಜಾಗವಿರಲಿಲ್ಲ.

ಅಳಿಲು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನನ್ನನ್ನ ತಗೊಂಡ್ಹೋಗೋರು ನೀವೇನಾ?" ಎಂದು ಕೇಳಿತು. "ಇಲ್ಲ, ನಾನು ಅಂಕಿಯವನು," ಎಂದ. ಈ ಉತ್ತರದಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ.

"ತಪ್ಪು ನಂದೇ ಸಾರ್," ಎಂದಳು ಹೆಂಗಸು, ಕೂರುವ ಮೊದಲೇ. ಇದನ್ನು ಅವಳು ವಾರದಿಂದ ಕಂಠಪಾಠ ಮಾಡಿದಂತಿತ್ತು. "ಬೆಳಿಗ್ಗೆ ಪಾಳಿಗೆ ಹೋಗೋವಾಗ ಪಕ್ಕದ ಮನೇಲಿ ಬಿಟ್ಟು ಹೋಗ್ತೀನಿ. ಅಲ್ಲಿ ಸರಿಯಾಗಿ ತಿಂತಿಲ್ವೇನೋ. ನಂಗೆ ಗೊತ್ತೇ ಆಗ್ಲಿಲ್ಲ ನೋಡಿ. ಎರಡು ವರ್ಷದಲ್ಲಿ ನಾಲ್ಕು ಸಲ ಫ್ರಾಕ್ ಹೊಲಿಗೆ ಬಿಚ್ಚಿ ಉದ್ದ ಮಾಡಿದೀನಿ, ಚಪ್ಪಲಿ ಮೂರು ಜೊತೆ ಬದಲಾಯ್ಸಿದೀನಿ. ಬೆಳೀತಿದಾಳೆ ಅಂತಾನೇ ಅಂದ್ಕೊಂಡಿದ್ದೆ. ಪತ್ರ ಬಂದ್ಮೇಲೆ ಗೊತ್ತಾಯ್ತು." "ಬೇರೆ ಕಡೆ ಎಲ್ಲೂ ತೂಗಿ ನೋಡ್ಲಿಲ್ವಾ?" ಎಂದ. "ಔಷಧಿ ಅಂಗಡೀಲಿ ತೂಗ್ಸಿದೆ. ಹತ್ತೊಂಬತ್ತು ತೋರಿಸ್ತು. ಕೆಟ್ಟ ಮೆಷಿನ್ ಇಟ್ಕೊಂಡು ಜನಕ್ಕೆ ಮೋಸ ಮಾಡ್ತೀಯಾ ಅಂತ ಅವನ ಹತ್ರ ಜಗಳ ಆಡ್ಕೊಂಡು ಬಂದೆ. ಇಷ್ಟು ವರ್ಷದ ಪರಿಚಯ, ಈಗ ಅವನು ನನ್ನ ಮುಖ ನೋಡಲ್ಲ. ಸರ್ಕಾರ ಅಷ್ಟು ಬರೆದು ಕಳಿಸಿದ್ಮೇಲೆ ಅದೇ ಸರಿ ಇರ್ಬೇಕಲ್ವಾ ಸಾರ್? ಗ್ರಾಮು ಸಮೇತ ಬರ್ದಿದಾರೆ."

ಗ್ರಾಮು ಸಮೇತ. ಆ ನಾನೂರು ಗ್ರಾಮಿನ ಬಗ್ಗೆ ಅವನಿಗೇ ಒಂದು ಮೆಚ್ಚುಗೆಯಿತ್ತು. ದುಂಡಗಿನ ಅಂಕಿಗಳನ್ನು ಯಾರೂ ನಂಬುವುದಿಲ್ಲ, ಬಾಲವಿರುವ ಅಂಕಿಗೆ ಒಂದು ಘನತೆಯಿರುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಈಗ ಹೇಳಬೇಕು ಅಂದುಕೊಂಡ. ಈಗಲೇ, ನಿಂತ ಹಾಗೇ, ಅಮ್ಮಾ ಆ ಅಂಕಿ ನಾನು ಒತ್ತಿದ್ದು ಅಂತ. ಬದಲಿಗೆ ಅವನ ಬಾಯಿ, "ನೆಲ ಸಮತಟ್ಟಾಗಿರೋ ಕಡೆ ಇಡಬೇಕು," ಎಂದಿತು. ಹೆಂಗಸು ಓಡಿಹೋಗಿ ಚಾಪೆ ಸರಿಸಿದಳು. ಅಳಿಲು ಯಂತ್ರದ ಮೇಲೆ ಹತ್ತಿತು. ಮೂವರೂ ಬಗ್ಗಿ ಮುಳ್ಳು ನೋಡಿದರು. ಮೂರು ತಲೆಗಳು ಒಂದಕ್ಕೊಂದು ತಾಗಿದವು. ಹತ್ತೊಂಬತ್ತು ಕಿಲೋ ಇನ್ನೂರು ಗ್ರಾಂ. ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಒಂದು ವಾರದಲ್ಲಿ," ಎಂದಳು. "ಒಂದೇ ವಾರದಲ್ಲಿ ಆರು ಕಿಲೋ ಏರಿದಾಳೆ ನೋಡಿ ಸಾರ್. ರಜೆ ಹಾಕಿದ್ದಕ್ಕೂ ಸಾರ್ಥಕ ಆಯ್ತು. ಮೊದ್ಲೇ ಹೀಗೆ ನೋಡ್ಕೊಂಡಿದ್ರೆ..." ಎಂದವಳ ಕಣ್ಣು ತುಂಬಿಬಂತು. ಅಳಿಲು ಮಾತ್ರ ಗುಮಾಸ್ತನನ್ನೇ ನೋಡುತ್ತಿತ್ತು. ಮಕ್ಕಳಿಗೆ ಲೆಕ್ಕ ಬಾರದಿದ್ದರೂ ಯಾರ ಮುಖದಲ್ಲಿ ಏನೋ ಹುದುಗಿದೆ ಅನ್ನುವುದು ಬೇಗ ತಿಳಿಯುತ್ತದೆ. ಅಳಿಲು ಇಳಿದ ಮೇಲೆ ಅವನು ಯಂತ್ರ ಎತ್ತಿಕೊಂಡು, "ಒಳ್ಳೇದು, ಹೀಗೇ ಮುಂದುವರಿಸಿ," ಎಂದ. ಎಂದದ್ದು ಕಿವಿಗೆ ಬಿದ್ದಾಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಎರಡೂ ಕೈಯಲ್ಲಿ ಯಂತ್ರವಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಎರಡನೆಯ ಕ್ಲಾಸಿನಲ್ಲಿ ಮೇಷ್ಟರು ಹಾಜರಿ ಕರೆಯುವಾಗ ಇವನಿಗೆ ಸೀನು ಬಂದು 'ಹಾಜರ್' ಅನ್ನುವುದು ತಪ್ಪಿಹೋಗಿತ್ತು. ಮೇಷ್ಟರು ಗೈರುಹಾಜರಿ ಹಾಕಿಬಿಟ್ಟರು. ಇವನು ಕೈಯೆತ್ತಲಿಲ್ಲ. ಪುಸ್ತಕದಲ್ಲಿ ಬರೆದಾಯಿತಲ್ಲ. ಬರೆದದ್ದನ್ನು ಅಳಿಸಲು ಹೇಳುವುದಕ್ಕೆ ತಾನು ಯಾರು? ಇಡೀ ದಿನ ಇಲ್ಲದವನಂತೆ ಮೂಲೆಯಲ್ಲಿ ಕೂತ, ನೀರು ಕುಡಿಯಲು ಹೋಗಲಿಲ್ಲ, ಪಕ್ಕದವನು ಚಿವುಟಿದರೂ ಸುಮ್ಮನಿದ್ದ. ಸಂಜೆ ಗೇಟಿನ ಹತ್ತಿರ ಮೇಷ್ಟರು ಎದುರಾಗಿ, "ಏನೋ, ನೀನು ಬಂದಿದ್ಯಾ ಇವತ್ತು?" ಎಂದರು. "ಇಲ್ಲ ಸಾರ್," ಎಂದ. ಈ ಕಥೆಯನ್ನು ಅವನು ಮದುವೆಯಾದ ಹೊಸತರಲ್ಲಿ ತಮಾಷೆಗೆಂದು ಹೆಂಡತಿಗೆ ಹೇಳಿದ್ದ, ಅವಳು ನಕ್ಕಿರಲಿಲ್ಲ. ಯಾಕೆ ನಗಲಿಲ್ಲ ಅನ್ನುವುದು ಅವನಿಗೆ ಇವತ್ತಿನವರೆಗೆ ಅರ್ಥವಾಗಿರಲಿಲ್ಲ. ಈಗ ಮೊಟ್ಟೆಗಳ ಹಿಂದೆ ಕೂತ ಆ ಹುಡುಗಿಯೂ ಬಾಯಿಯ ಮೇಲೆ ಕೈಯಿಟ್ಟುಕೊಂಡ ಆ ಹೆಂಗಸೂ ಒಟ್ಟಿಗೆ ಕಣ್ಣಮುಂದೆ ಬಂದರು. ಅವನು ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಯಂತ್ರ ಹೊತ್ತು ಅಷ್ಟು ದೂರ ನಡೆದೇ ಬಂದ.

ನಾಲ್ಕೂವರೆಗೆ ಕಂಪ್ಯೂಟರಿನ ಮುಂದೆ ಕೂತು ಹತ್ತೊಂಬತ್ತು ಕಿಲೋ ಇನ್ನೂರು ಗ್ರಾಂ ಎಂದು ತುಂಬಿದ. ಸಾಲು ಇನ್ನೂ ಕೆಂಪಾಯಿತು. ಆರು ತಿಂಗಳಲ್ಲಿ ಇಷ್ಟು ಏರಿಕೆ ಅಸಂಭವ, ಕಾರಣ ಆರಿಸಿ ಎಂದಿತು ತೆರೆ. ನಾಲ್ಕು ಕಾರಣಗಳಿದ್ದವು. ಸಾಕಿದವರು ಬೇರೆ ಮಗುವನ್ನು ತೋರಿಸಿದ್ದಾರೆ. ಸಾಕಿದವರು ಹಿಂದೆ ತಪ್ಪು ಮಾಹಿತಿ ಕೊಟ್ಟಿದ್ದಾರೆ. ಯಂತ್ರದ ದೋಷ. ನಾಲ್ಕನೆಯದು, ದಾಖಲಿಸಿದವರ ತಪ್ಪು. ಅದರ ಮುಂದೆ ಹೆಸರು, ಹುದ್ದೆ ಬರೆಯಲು ಜಾಗವಿತ್ತು, ಅಷ್ಟು ದೊಡ್ಡ ಜಾಗವನ್ನು ಸರ್ಕಾರ ಇನ್ನೆಲ್ಲೂ ಬಿಟ್ಟದ್ದನ್ನು ಅವನು ಕಂಡಿರಲಿಲ್ಲ. ಅದನ್ನು ಆರಿಸಿದರೆ ದಾಖಲಿಸಿದವರು ಈವರೆಗೆ ತುಂಬಿದ ಎಲ್ಲ ಸಾಲುಗಳನ್ನೂ ಮರುತಪಾಸಣೆ ಮಾಡಲಾಗುವುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಎಷ್ಟು ಮಕ್ಕಳು ಅವನ ಒಂದು ಬೆರಳಿನ ಕೆಳಗೆ ಬೆಳೆಯದೆ ನಿಂತಿದ್ದಾರೋ ಅವನಿಗೇ ಗೊತ್ತಿರಲಿಲ್ಲ. ಬೆನ್ನ ಹಿಂದೆ ನಿರ್ದೇಶಕಿ ಬಂದು ನಿಂತರು.

"ಮೆಷಿನ್ ದೋಷ ಅಂತ ಹಾಕಿ," ಎಂದರು. "ಮೆಷಿನ್‌ಗೇನು ಬೇಜಾರಾಗುತ್ತಾ?"

"ಹಾಗೆ ಹಾಕಿದ್ರೆ ಮುಂದಿನ ವರದಿವರೆಗೂ ಮಗುನ ಬೇರೆ ಮನೇಲಿ ಇಡ್ತಾರೆ ಮೇಡಂ."

"ಆರು ತಿಂಗಳು ತಾನೇ. ಆಮೇಲೆ ವಾಪಸ್ ಕೊಡಿಸೋಣ. ನಿಮ್ಮ ಹೆಸರು ಹಾಕಿದ್ರೆ ನಿಮ್ಮದೊಂದೇ ಅಲ್ಲ, ಸಂಸ್ಥೆ ಮರ್ಯಾದೆನೂ ಹೋಗುತ್ತೆ. ಸ್ವಲ್ಪ ಯೋಚ್ನೆ ಮಾಡ್ರೀ. ನಿಮ್ಮನ್ನ ನಂಬ್ಕೊಂಡು ಕೂತಿದೀವಿ."

ಅವನು ಯೋಚನೆ ಮಾಡಿದ. ಆರು ತಿಂಗಳೆಂದರೆ ಅವನ ಲೆಕ್ಕದಲ್ಲಿ ಒಂದು ಸಾಲು. ಒಂದು ಸಾಲು ತುಂಬಲು ಅವನಿಗೆ ನಾಲ್ಕು ನಿಮಿಷ ಸಾಕು. ಆರು ತಿಂಗಳಲ್ಲಿ ಒಂದು ಫ್ರಾಕಿನ ಹೊಲಿಗೆ ಬಿಚ್ಚಬೇಕಾಗುತ್ತದೆ. ಬಿಚ್ಚುವವರು ಬೇರೆ ಯಾರೋ ಆಗಿರುತ್ತಾರೆ. ಅವರಿಗೆ ಆ ಹುಡುಗಿಯನ್ನು ಅಳಿಲು ಎಂದು ಕರೆಯಬೇಕು ಅನ್ನುವುದೂ ಗೊತ್ತಿರುವುದಿಲ್ಲ. ಇಷ್ಟನ್ನು ಯೋಚಿಸಿ ಮುಗಿಸುವ ಹೊತ್ತಿಗೆ ಅವನ ಬೆರಳು ಮೂರನೆಯ ಕಾರಣದ ಮೇಲೆಯೇ ಇತ್ತು ಅನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನೇನೂ ಒಮ್ಮೆಗೇ ಧೀರನಾಗಲಿಲ್ಲ. ಕನ್ನಡಕ ತೆಗೆದು ಒರೆಸಿದ. ಕನ್ನಡಕವಿಲ್ಲದೆ ತೆರೆ ಮಸುಕಾಗಿ, ಯಾವ ಸಾಲು ಯಾವುದೆಂದು ಕಾಣದಂತಾದಾಗ ಅವನಿಗೆ ಎಷ್ಟೋ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ನಾಚಿಕೆಯಾಯಿತು. ಕನ್ನಡಕ ಹಾಕಿಕೊಂಡು, ನಾಲ್ಕನೆಯದನ್ನು ಆರಿಸಿ, ಹೆಸರು ಬರೆದ. ಹುದ್ದೆ ಬರೆದ. "ನಿಮ್ಮ ತಲೆ ಕೆಟ್ಟಿದೆ," ಎಂದು ನಿರ್ದೇಶಕಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಅಷ್ಟು ಜೋರಾಗಿ ಬಾಗಿಲು ಹಾಕಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಮುಗಿಯಿತು ಅಂದುಕೊಂಡರೆ ತೆರೆಯಲ್ಲಿ ಇನ್ನೊಂದು ಪ್ರಶ್ನೆ ಬಂತು. ಈ ತಪ್ಪನ್ನು ಮಗುವನ್ನು ಸಾಕುತ್ತಿರುವವರಿಗೆ ಬಾಯಿಮಾತಿನಲ್ಲಿ ತಿಳಿಸಲಾಗಿದೆಯೇ? ಹೌದು, ಇಲ್ಲ. ಇಂಥ ಪ್ರಶ್ನೆಗಳಿಗೆಲ್ಲ ಒಂಬತ್ತು ವರ್ಷ ಹೌದು ಅಂತಲೇ ಒತ್ತಿದ್ದವನು ಅವನು; ಬೆರಳು ತಾನಾಗಿಯೇ ಅತ್ತ ಹೋಯಿತು. ಗಂಟೆ ನಾಲ್ಕು ಐವತ್ತೊಂದು. ಫೋನು ಎತ್ತಿದ. ಮೊದಲ ರಿಂಗಿಗೇ ಅವಳು ತೆಗೆದುಕೊಂಡಳು. ವಾರದಿಂದ ಫೋನನ್ನು ಕೈಯಲ್ಲೇ ಹಿಡಿದಿದ್ದಳೋ ಏನೋ.

"ನಾನಮ್ಮ, ಮಧ್ಯಾಹ್ನ ಬಂದಿದ್ದೆನಲ್ಲ," ಎಂದ. "ಮಗು ಬೇರೆ ಕಡೆ ಹೋಗಲ್ಲ. ಅರ್ಜಿ ಮುಂದಕ್ಕೆ ಹೋಗುತ್ತೆ. ಆದ್ರೆ ಇನ್ನೊಂದು ಮಾತಿದೆ." ಆಮೇಲೆ, ನಿಂತರೆ ಮತ್ತೆ ಶುರುಮಾಡಲಾರೆ ಎಂಬ ಭಯದಿಂದ ಒಂದೇ ಉಸಿರಿಗೆ ಹೇಳಿದ. ಎರಡು ವರ್ಷದಿಂದ ಮಗುವನ್ನು ಯಾರೂ ತೂಗಿರಲಿಲ್ಲ. ತೂಕದ ಮನೆ ಖಾಲಿ ಬಿಡಬಾರದು ಅಂತ ಮಗು ಮೊದಲು ಬಂದಾಗ ತೂಗಿದ ಹಳೆಯ ಅಂಕಿಯನ್ನೇ ತಾನು ಮತ್ತೆ ಮತ್ತೆ ಹಾಕಿದ್ದು. ಈ ವಾರದ ಮೊಟ್ಟೆಯಿಂದ ಏನೂ ಆಗಿಲ್ಲ, ಅವಳು ಮೊದಲಿಂದಲೂ ಬೆಳೆಯುತ್ತಲೇ ಇದ್ದಳು.

ಲೈನು ಕಟ್ಟಾಯಿತೇನೋ ಎಂದು ಅವನು ಆಸೆಪಟ್ಟ.

"ಅಂದ್ರೆ," ಎಂದಳು ಅವಳು ಕೊನೆಗೆ, ತೀರ ಸಣ್ಣ ದನಿಯಲ್ಲಿ, "ನನ್ನ ಕಣ್ಣು ಸರಿ ಇತ್ತಾ?"

"ಸರಿ ಇತ್ತು."

"ಇನ್ನೊಂದ್ಸಲ ಹೇಳಿ."

"ನಿಮ್ಮ ಕಣ್ಣು ಸರಿ ಇತ್ತಮ್ಮ. ನಮ್ಮ ಕಾಗದ ತಪ್ಪು."

ಅವಳು ಅತ್ತಳು. ಅವನು ಫೋನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ 'ಹೌದು' ಒತ್ತಿದ, ಐದಕ್ಕೆ ಆರು ನಿಮಿಷವಿರುವಾಗ. ಅಳು ನಿಂತಿತು. ಆಮೇಲೆ ಬೈಗುಳ ಶುರುವಾಯಿತು. ನೂಕುನುಗ್ಗಲಿನ ಬಸ್ಸಿನಲ್ಲಿ ಇಪ್ಪತ್ತು ವರ್ಷ ಗಂಟಲು ಪಳಗಿಸಿಕೊಂಡವಳ ಬೈಗುಳ ಅದು: ಅವನ ಬೆರಳಿನಿಂದ ಹಿಡಿದು ಅವನು ಕೂರುವ ಕುರ್ಚಿಯವರೆಗೆ, ಅವನಿಗೆ ಅಕ್ಷರ ಕಲಿಸಿದವರಿಂದ ಹಿಡಿದು ಸಂಬಳ ಕೊಡುವವರವರೆಗೆ ಯಾರನ್ನೂ ಬಿಡದೆ, ಒಮ್ಮೆ ಬೈದದ್ದನ್ನು ಇನ್ನೊಮ್ಮೆ ಬೈಯದೆ, ಪ್ರತಿಸಲವೂ ಹೊಸದಾಗಿ. ಕಚೇರಿಯ ಉಳಿದವರು ತಲೆಯೆತ್ತಿ ನೋಡತೊಡಗಿದರು. ಅವಳು ಉಸಿರೆಳೆದುಕೊಳ್ಳಲು ಒಂದು ಗಳಿಗೆ ನಿಂತಳು.

"ಕೇಳ್ತಾ ಇದೀನಿ," ಎಂದ ಗುಮಾಸ್ತ. "ಹೇಳಿ."